ಇಂಗ್ಲಿಷ್ ಸಾಹಿತ್ಯ ಯಾರಪ್ಪನ ಸ್ವತ್ತು?

(ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಬರೆದುಕೊಂಡ ಹಾಗೇ ಕೊಟ್ಟಿದೆ.)



ಪಿಯುಸಿ ಮುಗಿಸಿದವರು, ಡಿಗ್ರಿ ಮೊದಲ ವರ್ಷದಲ್ಲಿರುವವರು ಇಲ್ಲಿ ಹೆಚ್ಚು ಜನ ಇದ್ದೀರಿ. ಸಭೆಗೆ ಮುಂಚೆ ನಿಮ್ಮಲ್ಲಿ ನಾಲ್ಕೈದು ಮಂದಿ ಬಂದು ಕೇಳಿದ್ದು ಒಂದೇ ಪ್ರಶ್ನೆ. ಬಿ.ಎ.ಗೆ ಐಚ್ಛಿಕ ಇಂಗ್ಲಿಷ್ ತಗೋಬಹುದಾ, ಮುಂದೆ ಎಂ.ಎ. ಇಂಗ್ಲಿಷ್ ಮಾಡಬಹುದಾ, ನಮ್ಮಂಥೋರ ಕೈಲಿ ಆಗುತ್ತಾ? ಕೇಳುವಾಗ ದನಿ ತಗ್ಗಿತ್ತು. ಹಿಸ್ಟರಿ ತಗೋತೀನಿ, ಪೊಲಿಟಿಕಲ್ ಸೈನ್ಸ್ ತಗೋತೀನಿ ಅನ್ನುವವರು ಯಾರೂ ಹೀಗೆ ದನಿ ತಗ್ಗಿಸಿ ಕೇಳುವುದಿಲ್ಲ. ಇಂಗ್ಲಿಷ್ ಅಂದ ಕೂಡಲೇ ಬೇರೆಯವರ ಜಗಲಿ ಮೇಲೆ ಕಾಲಿಟ್ಟ ಹಾಗೆ ಆಗುತ್ತೆ. ಆ ಜಗಲಿ ಯಾರದು ಅಂತ ಮೊದಲು ನೋಡೋಣ. ಏನು ಓದಬೇಕು, ಯಾವುದು ಮುಂದೆ ಯಾವುದು ಹಿಂದೆ ಅನ್ನುವುದಕ್ಕೆ ಆಮೇಲೆ ಬರೋಣ.

ನಮ್ಮ ಚಳವಳಿಗೂ ಇಂಗ್ಲಿಷಿಗೂ ಇರುವ ಸಂಬಂಧ ಹಳೆಯದು. 1973ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡದಲ್ಲಿರುವ ಸಾಹಿತ್ಯದಲ್ಲಿ ಬೂಸಾ ಇದೆ, ನೀವು ಇಂಗ್ಲಿಷ್ ಓದಿ ಅನ್ನೋ ಅರ್ಥದ ಮಾತಾಡಿದರು. ಆಗ ಅವರು ದೇವರಾಜ ಅರಸರ ಸಂಪುಟದಲ್ಲಿ ಮಂತ್ರಿ. ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತು. ಊರೂರಲ್ಲಿ ಮೆರವಣಿಗೆ, ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹುಡುಗರಿಗೆ ಹೊಡೆತ, ಕಡೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಮನುಷ್ಯರ ತಲೆ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಿದ ಮಂತ್ರಿಯೂ ಇವರೇ. ಮಲ ಹೊರುವುದು ನೂರಾರು ವರ್ಷ ನಡೆದಾಗ ಬಾರದ ಸಿಟ್ಟು, ಒಂದು ಮಾತಿಗೆ ಬಂತು.

ಆ ಮಾತಿನಲ್ಲಿ ಎರಡು ಭಾಗ ಇದ್ದವು. ಬೂಸಾ ಅನ್ನೋ ಭಾಗಕ್ಕೆ ನಮ್ಮವರು ಕನ್ನಡದಲ್ಲೇ ಉತ್ತರ ಕೊಟ್ಟರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ದೇವನೂರ ಮಹಾದೇವ ಬರೆದರು. ಬೂಸಾದ ಜೊತೆಗೆ ಕಾಳೂ ಬಂತು, ಕಾಳು ಬೆಳೆದವರು ಕೇರಿಯವರು. ಇಂಗ್ಲಿಷ್ ಓದಿ ಅನ್ನೋ ಇನ್ನೊಂದು ಭಾಗವನ್ನು ಮಾತ್ರ ನಾವು ಅರ್ಧಕ್ಕೇ ಬಿಟ್ಟೆವು. ಇಂಗ್ಲಿಷ್ ಮೀಡಿಯಂ ಸ್ಕೂಲು ಬೇಕು ಅಂತ ಕೇಳಿದೆವು, ನ್ಯಾಯವೇ. ಆದರೆ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯ ವಿಭಾಗ ಅಂತ ಒಂದು ಬಾಗಿಲಿದೆಯಲ್ಲ, ಅದು ನಮ್ಮದಲ್ಲ ಅಂತ ಪಕ್ಕದ ಬಾಗಿಲಿಗೆ ಹೋದೆವು.

ಆ ಬಾಗಿಲ ಒಳಗೆ ಯಾರಿದ್ದರು? ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದ ಬಿ.ಎಂ.ಶ್ರೀ. ಇಂಗ್ಲಿಷ್ ಮೇಷ್ಟ್ರು. ಗೋಪಾಲಕೃಷ್ಣ ಅಡಿಗರು ಇಂಗ್ಲಿಷ್ ಮೇಷ್ಟ್ರು. ಅನಂತಮೂರ್ತಿ ಇಂಗ್ಲಿಷ್ ಮೇಷ್ಟ್ರು, ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್.ಡಿ. ಮಾಡಿ ಬಂದವರು. ಲಂಕೇಶರೂ ಬೆಂಗಳೂರಿನಲ್ಲಿ ಇಂಗ್ಲಿಷ್ ಪಾಠ ಹೇಳಿದವರೇ. ಅಂದರೆ ಇಪ್ಪತ್ತನೇ ಶತಮಾನದ ಕನ್ನಡ ಸಾಹಿತ್ಯದ ಒಂದು ದೊಡ್ಡ ಪಾಲು ಇಂಗ್ಲಿಷ್ ವಿಭಾಗದ ಸ್ಟಾಫ್ ರೂಮಿನಿಂದ ಹೊರಟಿದೆ. ಇವರನ್ನು ದೂರುವುದಕ್ಕೆ ನಾನಿದನ್ನು ಹೇಳುತ್ತಿಲ್ಲ. ಇಂಗ್ಲಿಷ್ ಓದಿದವರು ಕನ್ನಡ ಬಿಟ್ಟು ಹೋಗಲಿಲ್ಲ, ಕನ್ನಡವನ್ನೇ ಹಿಡಿದು ಅಲ್ಲಾಡಿಸಿದರು ಅನ್ನೋದು ಗಮನಿಸಬೇಕಾದ ಮಾತು. ಆದರೆ ಆ ಸ್ಟಾಫ್ ರೂಮಿನಲ್ಲಿ ಹೊಲೆಯರ, ಮಾದಿಗರ ಮನೆಯ ಹುಡುಗ ಇದ್ದನಾ? ಹುಡುಗಿಯ ಮಾತು ಬಿಡಿ. ಅಲ್ಲಿ ನಮ್ಮವರು ಇದ್ದಿದ್ದರೆ ಏನೇನು ಬರೆಯುತ್ತಿದ್ದರೋ, ಯಾವ ಪುಸ್ತಕ ಪಠ್ಯಕ್ಕೆ ಹಾಕಿಸುತ್ತಿದ್ದರೋ.

ಇನ್ನೊಂದು ವಿಷಯ ಹೇಳ್ತೀನಿ, ನಗಬೇಡಿ. ಇಂಗ್ಲಿಷ್ ಸಾಹಿತ್ಯ ಅನ್ನೋದು ಇಂಗ್ಲೆಂಡಿನಲ್ಲೇ ಬಹಳ ಕಾಲ ಮರ್ಯಾದೆ ಇಲ್ಲದ ವಿಷಯ ಆಗಿತ್ತು. ಅಲ್ಲಿಯ ದೊಡ್ಡ ಮನುಷ್ಯರ ಮಕ್ಕಳು ಓದುತ್ತಿದ್ದದ್ದು ಗ್ರೀಕ್, ಲ್ಯಾಟಿನ್. ಇಂಗ್ಲಿಷ್ ಸಾಹಿತ್ಯ ಅನ್ನೋದು ಹೆಂಗಸರಿಗೆ, ರಾತ್ರಿ ಶಾಲೆಗೆ ಬರುವ ಕೂಲಿಕಾರರಿಗೆ. ಸಂಸ್ಕೃತದ ಮುಂದೆ ಕನ್ನಡ ನಿಂತ ಹಾಗೆ ಗ್ರೀಕಿನ ಮುಂದೆ ಇಂಗ್ಲಿಷ್ ನಿಂತಿತ್ತು. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೇ ಅಂತ ಬೇರೆ ಪದವಿ ಪರೀಕ್ಷೆ ಬಂದದ್ದು 1917ರಲ್ಲಿ. ಅದಕ್ಕೆ ಎಷ್ಟೋ ಮುಂಚೆ ನಮ್ಮ ದೇಶದಲ್ಲಿ ಅದು ಪರೀಕ್ಷೆಯ ವಿಷಯ. 1835ರ ಮೆಕಾಲೆಯ ಟಿಪ್ಪಣಿ ಆದಮೇಲೆ, 1857ರಲ್ಲಿ ಮದ್ರಾಸು, ಬೊಂಬಾಯಿ, ಕಲ್ಕತ್ತ ವಿಶ್ವವಿದ್ಯಾಲಯ ಶುರುವಾದ ಮೇಲೆ, ನೌಕರಿ ಬೇಕೆಂದವರು ಇಲ್ಲಿ ಶೇಕ್ಸ್‌ಪಿಯರ್ ಬಾಯಿಪಾಠ ಮಾಡಿದರು. ಕೂಲಿಕಾರನ ವಿಷಯ ಹಡಗು ಹತ್ತಿ ಬಂದು ಇಲ್ಲಿ ಅಗ್ರಹಾರದ ವಿಷಯ ಆಯ್ತು. ಹೀಗೆ ಕೈ ಬದಲಾಗುತ್ತಾ ಬಂದದ್ದು ಇನ್ನೊಂದು ಸಲ ಬದಲಾಗಬಾರದು ಅಂತ ಯಾವ ಶಾಸ್ತ್ರದಲ್ಲೂ ಬರೆದಿಲ್ಲ.

ಈಗ ಓದಿಗೆ ಬರೋಣ. ಸಿಲಬಸ್ ಹಾಳೆ ತೆಗೆದರೆ ಸಾಮಾನ್ಯವಾಗಿ ಚಾಸರ್‌ನಿಂದ ಶುರುವಾಗುತ್ತೆ. ಆರುನೂರು ವರ್ಷದ ಹಿಂದಿನ ಇಂಗ್ಲಿಷ್. ಇವತ್ತಿನ ಇಂಗ್ಲಿಷ್ ಪತ್ರಿಕೆಯೇ ಪೂರ್ತಿ ಅರ್ಥವಾಗದ ಹುಡುಗನ ಮುಂದೆ ಅದನ್ನಿಟ್ಟರೆ ಅವನು ಮೊದಲ ವಾರವೇ ಸೋಲುತ್ತಾನೆ. ಪಂಪನಿಂದ ಕನ್ನಡ ಕಲಿಸಿದ ಹಾಗೆ. ಅಲ್ಲಿಂದ ಗೈಡು ಕೊಳ್ಳುವುದು, ಗೈಡನ್ನು ಉರು ಹೊಡೆಯುವುದು, ಪರೀಕ್ಷೆ ಮುಗಿದ ದಿನ ಮರೆಯುವುದು. ಮೂರು ವರ್ಷ ಇಂಗ್ಲಿಷ್ ಸಾಹಿತ್ಯ ಓದಿ ಒಂದೇ ಒಂದು ಇಂಗ್ಲಿಷ್ ಪುಸ್ತಕವನ್ನೂ ಮೊದಲಿಂದ ಕಡೇವರೆಗೆ ಓದದೆ ಪಾಸಾದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಮೇಲ್ಜಾತಿಯವರೂ ಬೇಕಾದಷ್ಟು ಜನ ಇದ್ದರು, ಅದನ್ನೂ ಹೇಳಿಬಿಡಬೇಕು.

ಅದಕ್ಕೇ ಕಾಲೇಜಿನ ಸಿಲಬಸ್ ಒಂದು ಕಡೆ ನಡೆಯಲಿ, ಪರೀಕ್ಷೆಗೆ ಅದು ಬೇಕು. ಅದರ ಪಕ್ಕದಲ್ಲಿ ನಮ್ಮದೇ ಒಂದು ಓದು ಇರಬೇಕು, ಅದು ಇವತ್ತಿನಿಂದ ಹಿಂದಕ್ಕೆ ನಡೀಬೇಕು. ಗೊತ್ತಿರುವ ನೋವಿನಿಂದ ಗೊತ್ತಿಲ್ಲದ ಊರಿಗೆ.

ಮೊದಲ ಪುಸ್ತಕ ಬಾಬಾಸಾಹೇಬರದು. 'ವೇಟಿಂಗ್ ಫಾರ್ ಎ ವೀಸಾ'. ತೀರಾ ಚಿಕ್ಕದು, ಒಂದೇ ಕೂತು ಓದಬಹುದಾದಷ್ಟು. 1930ರ ದಶಕದಲ್ಲಿ ಬರೆದಿಟ್ಟದ್ದು, ಅಚ್ಚಾದದ್ದು ಅವರು ಹೋದ ಎಷ್ಟೋ ವರ್ಷಕ್ಕೆ, 1990ರಲ್ಲಿ. ಅವರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಪಾಠಕ್ಕೆ ಇಟ್ಟಿದ್ದಾರೆ. 1901ರಲ್ಲಿ ಹುಡುಗ ಭೀಮರಾವ್ ಅಣ್ಣನ ಜೊತೆ ಒಳ್ಳೇ ಬಟ್ಟೆ ತೊಟ್ಟು ರೈಲಿನಲ್ಲಿ ಅಪ್ಪನ ಊರಿಗೆ ಹೊರಡುತ್ತಾನೆ. ಮಕ್ಕಳು ಯಾರು ಅಂತ ತಿಳಿದ ಕೂಡಲೇ ಸ್ಟೇಷನ್ ಮಾಸ್ಟರ್ ಹಿಂದೆ ಸರಿಯುತ್ತಾನೆ. ಗಾಡಿಯವರು ಯಾರೂ ಬರುವುದಿಲ್ಲ. ಕಡೆಗೆ ಒಬ್ಬ ಒಪ್ಪುತ್ತಾನೆ, ದುಪ್ಪಟ್ಟು ಬಾಡಿಗೆ, ಗಾಡಿಯನ್ನು ಮಕ್ಕಳೇ ಹೊಡೀಬೇಕು. ರಾತ್ರಿಯೆಲ್ಲಾ ಕುಡಿಯೋಕೆ ನೀರಿಲ್ಲ. ಇದನ್ನು ಓದೋಕೆ ದೊಡ್ಡ ನಿಘಂಟು ಬೇಕಾಗಿಲ್ಲ. ವಾಕ್ಯಗಳು ನೇರ, ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ. ಎಲ್ಲೂ ಅಳುವುದಿಲ್ಲ. ಅಳದೆ ಹೇಳುವುದು ಹೇಗೆ ಅನ್ನುವುದೇ ಮೊದಲ ಪಾಠ. ಸಾಹಿತ್ಯ ವಿಮರ್ಶೆ ಅಂತ ದೊಡ್ಡ ಹೆಸರಿಟ್ಟು ಕಲಿಸುವುದೂ ಕಡೆಗೆ ಇಂಥ ಪ್ರಶ್ನೆಯನ್ನೇ: ಈ ಮಾತು ಹೀಗೇ ಯಾಕೆ ಹೇಳಿದ್ದಾನೆ?

ಎರಡನೇದು ಅಮೆರಿಕದ ಫ್ರೆಡೆರಿಕ್ ಡಗ್ಲಸ್. ಗುಲಾಮನಾಗಿ ಹುಟ್ಟಿದವನು. 1845ರಲ್ಲಿ ತನ್ನ ಬದುಕನ್ನು ತಾನೇ ಬರೆದ. ಯಜಮಾನಿ ಅಕ್ಷರ ಕಲಿಸಲು ಶುರುಮಾಡುತ್ತಾಳೆ, ಅವಳ ಗಂಡ ತಡೆಯುತ್ತಾನೆ, ಓದು ಬಂದರೆ ಗುಲಾಮ ಕೆಲಸಕ್ಕೆ ಬಾರದವನಾಗ್ತಾನೆ ಅಂತ. ಹುಡುಗನಿಗೆ ಅವತ್ತೇ ತಿಳಿಯಿತು, ಯಾವುದನ್ನು ಇವರು ಕೊಡಲ್ಲ ಅನ್ನುತ್ತಾರೋ ಅದರಲ್ಲೇ ಏನೋ ಇದೆ ಅಂತ. ಜೇಬಿನಲ್ಲಿ ರೊಟ್ಟಿ ಇಟ್ಟುಕೊಂಡು ಹೋಗಿ ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು ಅಕ್ಷರ ಕಲಿತ. ಸಂಸ್ಕೃತ ಬೇಕು ಅಂದಾಗ ಕಲಿಸಲು ಒಪ್ಪದೆ ಅಂಬೇಡ್ಕರರನ್ನು ಪರ್ಷಿಯನ್ ಕಡೆಗೆ ತಳ್ಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ದೇಶ, ಎರಡು ಕಾಲ, ಬಾಗಿಲಿಗೆ ಹಾಕಿದ ಬೀಗ ಒಂದೇ. ಹೀಗೆ ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ವಿಶ್ವವಿದ್ಯಾಲಯದಲ್ಲಿ ತೌಲನಿಕ ಅಧ್ಯಯನ ಅಂತಾರೆ. ಅಂಬೇಡ್ಕರರು ತಾವೇ 1946ರಲ್ಲಿ ಕಪ್ಪುಜನರ ನಾಯಕ ಡು ಬಾಯ್ಸ್‌ಗೆ ಕಾಗದ ಬರೆದಿದ್ದರು. 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡಿದ್ದೂ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್‌ಗಳನ್ನು ನೋಡಿಯೇ.

ಇಲ್ಲಿಂದ ಇಂಗ್ಲೆಂಡಿಗೆ ಹೋಗೋಣ. ವಿಲಿಯಂ ಬ್ಲೇಕ್ ಅಂತ ಕವಿ, ಚಿತ್ರ ಕೊರೆದು ಹೊಟ್ಟೆ ಹೊರೆದವನು. ಹೊಗೆಗೂಡು ಗುಡಿಸುವ ಮಕ್ಕಳ ಮೇಲೆ ಎರಡು ಪದ್ಯ ಬರೆದ, ಒಂದು 1789ರಲ್ಲಿ, ಇನ್ನೊಂದು 1794ರಲ್ಲಿ. ಐದಾರು ವರ್ಷದ ಮಕ್ಕಳನ್ನು ಮಾರಿ, ಮಸಿ ತುಂಬಿದ ಹೊಗೆಗೂಡಿನೊಳಗೆ ಹತ್ತಿಸುತ್ತಿದ್ದರು. ಬೀದಿಯಲ್ಲಿ 'ಸ್ವೀಪ್' ಅಂತ ಕೂಗಿ ಕೆಲಸ ಕೇಳಬೇಕು. ಎಳೇ ನಾಲಿಗೆ ಹೊರಳದೆ ಅದು 'ವೀಪ್' ಆಗುತ್ತೆ. ವೀಪ್ ಅಂದರೆ ಅಳು. ಗುಡಿಸ್ತೀನಿ ಅನ್ನೋ ಕೂಗು ಅಳ್ತೀನಿ ಅಂತ ಕೇಳುತ್ತೆ. ಈ ಒಂದು ಅಕ್ಷರದ ಆಟ ಯಾವ ಗೈಡಿನಲ್ಲೂ ಮೈಗೆ ತಾಕುವುದಿಲ್ಲ, ಬಾಯಿಬಿಟ್ಟು ಓದಿದರೆ ತಾಕುತ್ತೆ. ಹೊಗೆಗೂಡಿಗೆ ಮಕ್ಕಳನ್ನು ಹತ್ತಿಸುವುದು ಅಲ್ಲಿ ಪೂರ್ತಿ ನಿಂತದ್ದು 1875ರ ಕಾನೂನಿನ ಮೇಲೆ. ನಮ್ಮಲ್ಲಿ ಮಲ ಹೊರಿಸುವುದರ ವಿರುದ್ಧ ಸಂಸತ್ತು ಕಾನೂನು ಮಾಡಿದ್ದು 1993ರಲ್ಲಿ, ಸಾಲದು ಅಂತ 2013ರಲ್ಲಿ ಮತ್ತೊಂದು. ಆಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಓದುತ್ತಲೇ ಇದ್ದೇವೆ. ಬ್ಲೇಕ್ ನಮ್ಮ ಕವಿ ಅಲ್ಲ ಅಂತ ಯಾರು ಹೇಳಿದ್ದು?

ಡಿಕನ್ಸ್ ಕೂಡ ಹಾಗೇ. 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯಲ್ಲಿ ಕಮ್ಮಾರನ ಮನೆ ಹುಡುಗ ಪಿಪ್ ಶ್ರೀಮಂತರ ಮನೆಗೆ ಹೋಗಿ ಇಸ್ಪೀಟು ಆಡುವಾಗ ಆ ಮನೆ ಹುಡುಗಿ ಅವನ ಒರಟು ಕೈ ನೋಡಿ, ಬೂಟು ನೋಡಿ ಹೀಯಾಳಿಸುತ್ತಾಳೆ. ಅಲ್ಲೀವರೆಗೂ ಅವನು ತನ್ನ ಕೈ ಕಡೆ ನೋಡಿಕೊಂಡೇ ಇರಲಿಲ್ಲ. ಹಾಸ್ಟೆಲ್ ಹುಡುಗ ಮೊದಲ ಸಲ ಬೆಂಗಳೂರಿನ ಕಾಲೇಜಿಗೆ ಹೋದಾಗ ಆಗುವುದು ಇದೇ ಅಲ್ಲವಾ? ಪಿಪ್ ಮುಂದೆ ಸಾಕಿದ ಭಾವನನ್ನೇ ಕಂಡು ನಾಚಿಕೊಳ್ಳುತ್ತಾನೆ. ನಮ್ಮಲ್ಲೂ ಓದಿದವರು ಅಪ್ಪ ಅವ್ವ ಕಾಲೇಜಿಗೆ ಬಂದರೆ ಮರದ ಹಿಂದೆ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದು ಉಂಟು. ಇಷ್ಟು ದಪ್ಪದ ಪುಸ್ತಕ ಹೇಗೆ ಓದೋದು ಅಂತ ಹೆದರಬೇಡಿ. ದಿನಕ್ಕೆ ನಾಲ್ಕು ಪುಟ. ಒಂದು ಸೆಮಿಸ್ಟರಿನಲ್ಲಿ ಮುಗಿಯುತ್ತೆ.

ಶೇಕ್ಸ್‌ಪಿಯರ್‌ಗೆ ಕನ್ನಡದ ಮೆಟ್ಟಿಲು ಇದೆ. ಕುವೆಂಪು ಅವರ 'ಬಿರುಗಾಳಿ' ಮೊದಲು ಓದಿ, ಆಮೇಲೆ ಅದರ ಮೂಲ 'ದಿ ಟೆಂಪೆಸ್ಟ್'. 'ರಕ್ತಾಕ್ಷಿ' ಓದಿ, ಆಮೇಲೆ 'ಹ್ಯಾಮ್ಲೆಟ್'. ಕಥೆ ಗೊತ್ತಿದ್ದರೆ ಹಳೇ ಇಂಗ್ಲಿಷ್ ಅರ್ಧ ಬಗ್ಗುತ್ತೆ. ಟೆಂಪೆಸ್ಟ್ ನಾಟಕದಲ್ಲಿ ಕ್ಯಾಲಿಬನ್ ಅಂತ ಒಬ್ಬ ಬರುತ್ತಾನೆ. ದ್ವೀಪ ಅವನದು, ಬಂದವನು ಯಜಮಾನ ಆಗ್ತಾನೆ, ಇವನು ಸೌದೆ ಹೊರ್ತಾನೆ. ಯಜಮಾನ ತನ್ನ ಭಾಷೆ ಕಲಿಸಿದ್ದಕ್ಕೆ ನನಗೆ ಬೈಯೋಕೆ ಬಂತು, ಅಷ್ಟೇ ಲಾಭ ಅನ್ನೋ ಅರ್ಥದಲ್ಲಿ ಎದುರು ಹೇಳುತ್ತಾನೆ. ಕ್ಲಾಸಿನಲ್ಲಿ ಅವನನ್ನು ರಾಕ್ಷಸ ಅಂತ ಪಾಠ ಮಾಡಿದರೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ.

ನಮ್ಮ ದೇಶದ ಇಂಗ್ಲಿಷ್ ಪುಸ್ತಕ ಅಂದರೆ ಬಹಳ ಕಾಲ ದಲಿತರ ಬಗ್ಗೆ ಇದ್ದದ್ದು ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್', 1935ರದ್ದು. ಕಕ್ಕಸು ಗುಡಿಸುವ ಹುಡುಗ ಬಾಖಾನ ಒಂದು ದಿನದ ಕಥೆ. ಓದಿ, ಒಳ್ಳೇ ಪುಸ್ತಕ. ಆದರೆ ಅದು ಹೊರಗೆ ನಿಂತವರು ಬರೆದದ್ದು. ಒಳಗಿನವರದ್ದು ಅನುವಾದವಾಗಿ ಬರಬೇಕಾಯ್ತು. 1992ರಲ್ಲಿ ಮರಾಠಿ ದಲಿತರ ಬರಹಗಳ ಸಂಗ್ರಹ 'ಪಾಯ್ಸನ್ಡ್ ಬ್ರೆಡ್', 2000ದಲ್ಲಿ ತಮಿಳಿನ ಬಾಮಾ ಅವರ 'ಕರುಕ್ಕು', 2003ರಲ್ಲಿ ಹಿಂದಿಯ ಓಂಪ್ರಕಾಶ್ ವಾಲ್ಮೀಕಿಯವರ 'ಜೂಠನ್'. ಕನ್ನಡದಿಂದ ಸಿದ್ಧಲಿಂಗಯ್ಯನವರ 'ಊರುಕೇರಿ' ಹೋಗಿದೆ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 2007ರಲ್ಲಿ ಹೋಗಿದೆ, ದೇವನೂರರ 'ಕುಸುಮಬಾಲೆ' 2015ರಲ್ಲಿ ಹೋಗಿದೆ. ತಂಗಿಯರು 'ಕರುಕ್ಕು' ಬಿಡಬೇಡಿ. ಕನ್ನಡ ಬಲ್ಲ ನೀವು 'ಊರುಕೇರಿ'ಯನ್ನು ಎರಡೂ ಭಾಷೆಯಲ್ಲಿ ಪಕ್ಕಪಕ್ಕ ಇಟ್ಟು ಓದಿ. ಎಲ್ಲಿ ನಗು ಬಂತು, ಎಲ್ಲಿ ಬರಲಿಲ್ಲ, ಕೇರಿ ಅನ್ನೋ ಮಾತಿಗೆ ಅಲ್ಲಿ ಏನು ಹಾಕಿದ್ದಾರೆ ನೋಡಿ. ಇದಕ್ಕಿಂತ ಒಳ್ಳೇ ವ್ಯಾಕರಣ ಪಾಠ ಇಲ್ಲ.

ಇನ್ನು ಆಫೀಸಿನ ವಿಚಾರ. ಚುರುಕಾಗಿ ಹೇಳಿ ಮುಗಿಸ್ತೀನಿ. ನಾಲ್ಕು ವರ್ಷದ ಡಿಗ್ರಿ ಅಂತ 2021ರಲ್ಲಿ ತಂದಿದ್ದನ್ನು ಕರ್ನಾಟಕ ಸರ್ಕಾರ 2024-25ರಿಂದ ಬಿಟ್ಟು ಮತ್ತೆ ಮೂರು ವರ್ಷ ಮಾಡಿದೆ. ತಾಲ್ಲೂಕು ಕಾಲೇಜುಗಳಲ್ಲಿ ಎಚ್‌ಇಪಿ ಸುಲಭವಾಗಿ ಸಿಗುತ್ತೆ, ಐಚ್ಛಿಕ ಇಂಗ್ಲಿಷ್ ಎಲ್ಲಾ ಕಡೆ ಇರುವುದಿಲ್ಲ. ಅರ್ಜಿ ಹಾಕುವ ಮುಂಚೆ ಕೇಳಿ. ಇಲ್ಲ ಅಂದರೆ ಹತ್ತು ಜನ ಸೇರಿ ಪ್ರಿನ್ಸಿಪಾಲರಿಗೆ ಬರೆದುಕೊಡಿ, ಒಬ್ಬೊಬ್ಬರೇ ಹೋಗಿ ಗೋಗರೆಯಬೇಡಿ. ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ ಒಡೆದ ಮೇಲೆ ನಮ್ಮ ಜಿಲ್ಲೆಯ ಕಾಲೇಜುಗಳೂ ಹಂಚಿಹೋಗಿವೆ. ನಿಮ್ಮ ಕಾಲೇಜು ಯಾವುದಕ್ಕೆ ಸೇರಿದೆ, ಎಂ.ಎ. ಇಂಗ್ಲಿಷಿಗೆ ಅಲ್ಲಿ ಏನು ಕೇಳುತ್ತಾರೆ, ಐಚ್ಛಿಕ ಓದಿರಲೇಬೇಕಾ ಅನ್ನುವುದನ್ನು ಮೊದಲ ವರ್ಷವೇ ಲಿಖಿತವಾಗಿ ತರಿಸಿಕೊಳ್ಳಿ. ಹೈದರಾಬಾದಿನಲ್ಲಿ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳಿಗೇ ಅಂತ ಕೇಂದ್ರ ವಿಶ್ವವಿದ್ಯಾಲಯ ಇದೆ, ಇಫ್ಲು ಅಂತಾರೆ, ಪ್ರವೇಶ ಪರೀಕ್ಷೆ ಬರೀಬೇಕು. ಕೆಲಸ ಬಿಟ್ಟು ಓದೋಕೆ ಆಗದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಮೇಷ್ಟ್ರಾಗಬೇಕು ಅಂದರೆ ಎಂ.ಎ. ಜೊತೆಗೆ ನೆಟ್ ಅಥವಾ ಕೆ-ಸೆಟ್ ಬೇಕು. ಅದಾದ ಮೇಲೂ ಅತಿಥಿ ಉಪನ್ಯಾಸಕ ಅಂತ ವರ್ಷಗಟ್ಟಲೆ ಕಾಯಿಸುತ್ತಾರೆ. ಇದನ್ನು ಮುಚ್ಚಿಟ್ಟು ನಿಮ್ಮನ್ನು ಹುರಿದುಂಬಿಸುವುದು ಮೋಸ. ಆದ್ದರಿಂದ ಅನುವಾದ, ಬಿ.ಎಡ್., ಪತ್ರಿಕೆ, ಕಾನೂನು, ಯಾವುದಾದರೂ ಇನ್ನೊಂದು ದಾರಿಯ ಮೇಲೂ ಕಣ್ಣಿರಲಿ.

ವಿದೇಶಕ್ಕೆ ಹೋಗಿ ಓದುವವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. 2022ರಲ್ಲಿ ಅದರ ನಿಯಮ ಬದಲಿಸಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜ ಇವುಗಳ ಮೇಲೆ ಓದುವವರಿಗೆ ಕೊಡುವುದಿಲ್ಲ ಅಂದರು. ಅಂದರೆ ಹೊರಗೆ ಹೋಗಿ ಡಿಕನ್ಸ್ ಬಗ್ಗೆ ಬೇಕಾದರೆ ಬರಿ, ನಿನ್ನ ಕೇರಿ ಬಗ್ಗೆ ಬರೀಬೇಡ. ಯಾವ ಓದಿಗೆ ಯಾರು ಹೆದರುತ್ತಾರೆ ಅನ್ನೋದು ಇದರಲ್ಲೇ ತಿಳಿಯುತ್ತೆ.

ಕಡೆಗೆ ಇಲ್ಲಿಯವರೇ ಒಬ್ಬರ ಮಾತು. ದೊಡ್ಡಬಳ್ಳಾಪುರದ ನೇಕಾರರ ಮನೆಯಲ್ಲಿ 1954ರಲ್ಲಿ ಹುಟ್ಟಿದವರು ಡಿ. ಆರ್. ನಾಗರಾಜ್. ಮಗ್ಗದ ಸದ್ದಿನಲ್ಲಿ ಬೆಳೆದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡದ ಮೇಷ್ಟ್ರು. ಅವರೇ ದಲಿತ ಚಳವಳಿಯ ಮೇಲೆ 1993ರಲ್ಲಿ 'ದಿ ಫ್ಲೇಮಿಂಗ್ ಫೀಟ್' ಅಂತ ಇಂಗ್ಲಿಷಿನಲ್ಲೇ ಪುಸ್ತಕ ಬರೆದರು. ಡೆಲ್ಲಿಯವರು, ಅಮೆರಿಕದವರು ಕನ್ನಡನಾಡಿನ ದಲಿತರ ಬಗ್ಗೆ ತಿಳಿಯಬೇಕಾದರೆ ಇವತ್ತಿಗೂ ಅದನ್ನೇ ತೆಗೆಯುತ್ತಾರೆ. ಷಿಕಾಗೋದಲ್ಲಿ ಪಾಠ ಹೇಳಿ ಬಂದರು. 1998ರಲ್ಲಿ, ಇನ್ನೂ ನಲವತ್ತನಾಲ್ಕಕ್ಕೇ ಹೋಗಿಬಿಟ್ಟರು. ನಮ್ಮ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದವರು ಗೆಳೆಯರೇ, ಆದರೂ ನೇಕಾರರ ಮನೆಯವರು. ಕೇರಿಯಿಂದ ಬಂದು ಆ ಕೆಲಸ ಮಾಡುವವರ ಜಾಗ ಇನ್ನೂ ಬಹಳ ಖಾಲಿ ಇದೆ.

(ಆಮೇಲೆ ಒಂದಿಬ್ಬರು ಪ್ರಶ್ನೆ ಕೇಳಿದರು.)

ಒಬ್ಬ ವಿದ್ಯಾರ್ಥಿ: ಸಾರ್, ಆಫ್ರಿಕಾದ ಗೂಗಿ ಇಂಗ್ಲಿಷ್ ಬಿಟ್ಟು ತಾಯಿನುಡಿಗೆ ಹೋದರು ಅಂತಾರೆ. ನೀವು ನೋಡಿದರೆ ನಮ್ಮನ್ನು ಇಂಗ್ಲಿಷಿಗೆ ಕಳಿಸ್ತಿದ್ದೀರಿ?

ಗೂಗಿ 1968ರಲ್ಲೇ ನೈರೋಬಿಯಲ್ಲಿ ಇಂಗ್ಲಿಷ್ ವಿಭಾಗವನ್ನೇ ತೆಗೆಯಿರಿ ಅಂದವರು. ತಾಯಿನುಡಿಯಲ್ಲಿ ನಾಟಕ ಆಡಿಸಿದ್ದಕ್ಕೆ ಜೈಲಿಗೆ ಹೋದರು, ಜೈಲಿನ ಕಕ್ಕಸು ಕಾಗದದ ಮೇಲೆ ಕಾದಂಬರಿ ಬರೆದರು. ದೊಡ್ಡ ಮನುಷ್ಯ. ಅವರಿಗೆ ಅವಮಾನ ಬಂದದ್ದು ಇಂಗ್ಲಿಷಿನಲ್ಲಿ. ನಮಗೆ ಬೈಗುಳ ಬಂದದ್ದು ಕನ್ನಡದಲ್ಲೇ. ಹಾಗಂತ ನಮ್ಮವ್ವ ಹಾಡಿದ್ದೂ ಕನ್ನಡದಲ್ಲೇ. ಆದ್ದರಿಂದ ಅವರ ಲೆಕ್ಕ ಹಾಗೇ ನಮಗೆ ಹೊಂದುವುದಿಲ್ಲ. ಇಂಗ್ಲಿಷನ್ನು ದೇವತೆ ಮಾಡಿ ಪೂಜಿಸುವುದೂ ನನಗೆ ಒಪ್ಪಿಗೆ ಇಲ್ಲ. ಪೂಜೆ ಸಾಕಾಗಿದೆ.

ಒಬ್ಬ ವಿದ್ಯಾರ್ಥಿನಿ: ಮನೇಲಿ ಕಥೆ ಪುಸ್ತಕ ಓದಿ ಏನು ಮಾಡ್ತೀಯ, ಟೈಪಿಂಗ್ ಕಲಿ ಅಂತಾರೆ.

ಟೈಪಿಂಗೂ ಕಲಿಯಮ್ಮ, ಅದರಲ್ಲಿ ತಪ್ಪೇನೂ ಇಲ್ಲ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಶುರುವಾಯ್ತು. ಅಲ್ಲಿ ಕೌಂಟರಿನ ಹಿಂದೆ ನಿಲ್ಲುವವರಿಗೂ ನೆಲ ಒರೆಸುವವರಿಗೂ ನಡುವೆ ಇರುವ ಗೋಡೆ ಬಹುಪಾಲು ಇಂಗ್ಲಿಷಿನದು ಅಂತ ಮನೆಯವರಿಗೇ ಗೊತ್ತಿರುತ್ತೆ. ಕಥೆ ಪುಸ್ತಕ ಓದಿದವಳಿಗೆ ಆ ಇಂಗ್ಲಿಷ್ ಬರುತ್ತೆ ಅಂತ ಮೊದಲು ಹೇಳು. ಉಳಿದದ್ದು ಆಮೇಲೆ ಅವರಿಗೇ ತಿಳಿಯುತ್ತೆ.

ಇನ್ನು ಓದುವ ಕ್ರಮ. ಭಾನುವಾರ ರಾತ್ರಿ ಊಟಕ್ಕೆ ಮುಂಚೆ ಒಂದು ಗಂಟೆ. ನಾಲ್ಕೈದು ಜನ ಸಾಕು. ಒಬ್ಬರು ಜೋರಾಗಿ ಇಂಗ್ಲಿಷ್ ಓದಲಿ, ಉಚ್ಚಾರ ತಪ್ಪಿದರೆ ಯಾರೂ ನಗಕೂಡದು. ಇನ್ನೊಬ್ಬರು ನಮ್ಮ ಮನೆಮಾತಿನಲ್ಲಿ ಹೇಳಲಿ. ಮೂರನೆಯವರ ಕೈಲಿ ನಿಘಂಟು ಇರಲಿ, ಪುಟಕ್ಕೆ ಐದು ಮಾತಿಗಿಂತ ಹೆಚ್ಚು ನೋಡುವುದು ಬೇಡ, ಉಳಿದದ್ದನ್ನು ಊಹಿಸಿ. ಅವತ್ತು ಓದಿದ್ದರ ಮೇಲೆ ಪ್ರತಿಯೊಬ್ಬರೂ ಐದು ಇಂಗ್ಲಿಷ್ ವಾಕ್ಯ ಸ್ವಂತವಾಗಿ ಬರೆದು ಪಕ್ಕದವರಿಗೆ ಕೊಡಿ. ಬಾಬಾಸಾಹೇಬರ ಬರಹ ಸರ್ಕಾರದ ಸಂಪುಟಗಳಲ್ಲಿ ಇದೆ, ಫೋನಿನಲ್ಲೂ ದುಡ್ಡಿಲ್ಲದೆ ಸಿಗುತ್ತೆ. ಡಗ್ಲಸ್, ಬ್ಲೇಕ್, ಡಿಕನ್ಸ್ ಕೂಡ ಹಾಗೇ ಸಿಗುತ್ತಾರೆ. ಮೊದಲ ಭಾನುವಾರಕ್ಕೆ 'ವೇಟಿಂಗ್ ಫಾರ್ ಎ ವೀಸಾ'ದ ರೈಲು ಪ್ರಯಾಣದ ಭಾಗ. ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿಟ್ಟಿದ್ದೇನೆ, ಹೋಗುವಾಗ ತಗೊಂಡು ಹೋಗಿ.